ಆಕಾಶದಲ್ಲೊಂದು ಜಗಲಿ

2021ರ ಮಾರ್ಚ್ 13. ಮೈಕ್ ಹಾಪ್ಕಿನ್ಸ್, ವಿಕ್ಟರ್ ಗ್ಲೋವರ್ ಎಂಬ ಇಬ್ಬರು ಗಗನಯಾತ್ರಿಗಳು ಬಾಹ್ಯಾಕಾಶ ನಿಲ್ದಾಣದ ಬಾಗಿಲು ತೆಗೆದು ಹೊರಗೆ ಹೋದರು. ಆರು ಗಂಟೆಗೂ ಹೆಚ್ಚು ಹೊತ್ತಿನ ಕೆಲಸ. ಅಮೋನಿಯಾದ ಹಳೇ ಕೊಳವೆಗಳನ್ನು ಖಾಲಿ ಮಾಡುವುದು, ಯುರೋಪಿನವರ ಕೊಲಂಬಸ್ ಕೋಣೆಯ ಹೊರಮೈಗೆ ಕೂರಿಸಿದ ಹೊಸ ವೇದಿಕೆಗೆ ಕೇಬಲ್ ಜೋಡಿಸುವುದು, ಹೀಗೆ ಪಟ್ಟಿ ಉದ್ದ ಇತ್ತು. ಆ ಪಟ್ಟಿಯಲ್ಲಿ ಒಂದು ಸಾಲು ಹ್ಯಾಮ್ ರೇಡಿಯೋದ ಆಂಟೆನಾ ಕೇಬಲ್ಲಿನದು.

ಅದಕ್ಕೆ ಮೊದಲು, ಜನವರಿ 27ರಂದು, ಇದೇ ಇಬ್ಬರು ಹೊರಗೆ ಹೋಗಿ ಆ ವೇದಿಕೆಯ ಕೆಲಸ ಮಾಡುವಾಗ ರೇಡಿಯೋದ ಕೇಬಲ್ಲನ್ನೂ ಬದಲಾಯಿಸಿದ್ದರು. ಆಮೇಲೆ ರೇಡಿಯೋ ಮೂಕವಾಯಿತು. ಪ್ರೊಡಕ್ಷನ್‌ನಲ್ಲಿ ಏನೋ ಒಂದನ್ನು ಡಿಪ್ಲಾಯ್ ಮಾಡಿದರೆ ಸಂಬಂಧವೇ ಇಲ್ಲದ ಇನ್ನೇನೋ ಬಿದ್ದುಹೋಗುತ್ತಲ್ಲ, ಅದೇ ಕತೆ. ನಮ್ಮಲ್ಲಾದರೆ ರೋಲ್‌ಬ್ಯಾಕ್‌ಗೆ ಒಂದು ಕಮ್ಯಾಂಡ್ ಸಾಕು. ಅಲ್ಲಿ ರೋಲ್‌ಬ್ಯಾಕ್ ಅಂದರೆ ಮನುಷ್ಯರು ಮತ್ತೆ ಸೂಟು ತೊಟ್ಟು, ಉಸಿರಾಡಲು ಗಾಳಿಯೂ ಇಲ್ಲದ ಜಾಗಕ್ಕೆ ಇಳಿಯಬೇಕು. ಇಳಿದರು. ಕೇಬಲ್ ಮೊದಲಿನಂತಾಯಿತು, ರೇಡಿಯೋ ಮತ್ತೆ ಕೇಳಿಸತೊಡಗಿತು.

ಹವ್ಯಾಸದ ಒಂದು ರೇಡಿಯೋಗೆ ಇಷ್ಟೆಲ್ಲ ಬೇಕಾ?

ಈ ಪ್ರಶ್ನೆಯನ್ನು ಸಿನಿಕತನ ಅಂತ ತಳ್ಳಿಹಾಕಬಾರದು. ಅದೇ 2021ರಲ್ಲಿ ನಾಸಾ ತನ್ನ ದರಪಟ್ಟಿಯನ್ನು ಬದಲಾಯಿಸಿತು. ವ್ಯಾಪಾರದ ಉದ್ದೇಶಕ್ಕೆ ನಿಲ್ದಾಣವನ್ನು ಬಳಸುವ ಖಾಸಗಿಯವರು ಅಲ್ಲಿನ ಸಿಬ್ಬಂದಿಯ ಒಂದು ಗಂಟೆ ಬಳಸಿಕೊಂಡರೆ 1,30,000 ಡಾಲರ್ ಕೊಡಬೇಕಿತ್ತು. ಅವತ್ತಿನ ಲೆಕ್ಕಕ್ಕೆ ಸುಮಾರು 95 ಲಕ್ಷ ರೂಪಾಯಿ. ಎರಡು ವರ್ಷದ ಹಿಂದೆ ಅದೇ ಗಂಟೆಗೆ 17,500 ಡಾಲರ್ ಇತ್ತು. ಸಾಮಾನು ಮೇಲಕ್ಕೆ ಸಾಗಿಸಲು ಕಿಲೋಗೆ 20,000 ಡಾಲರ್. ಹ್ಯಾಮ್ ರೇಡಿಯೋದಲ್ಲಿ ನಿಲ್ದಾಣದ ಜೊತೆ ಒಂದು ಸಲ ಮಾತಾಡಲು ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ದರಪಟ್ಟಿಯ ಪ್ರಕಾರ ಆ ಹರಟೆಯ ಬೆಲೆ ಹದಿನಾರು ಲಕ್ಷದ ಹತ್ತಿರ. ಹದಿನಾರು ಲಕ್ಷಕ್ಕೆ ನಮ್ಮ ಕಡೆಯ ಸರ್ಕಾರಿ ಶಾಲೆಯೊಂದಕ್ಕೆ ಏನೇನು ಮಾಡಬಹುದು ಅಂತ ಯಾರಾದರೂ ಕೇಳಿದರೆ ನಾನು ಅವರ ಮೇಲೆ ಸಿಟ್ಟಾಗಲಾರೆ.

ಗೊತ್ತಿಲ್ಲದವರಿಗೆ ಹ್ಯಾಮ್ ಬಗ್ಗೆ ಎರಡು ಮಾತು. ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸ್ ಮತ್ತು ಒಂದು ಕಾಲ್‌ಸೈನ್ ಪಡೆದು, ಹವ್ಯಾಸಿಗಳಿಗೆಂದೇ ಬಿಟ್ಟಿರುವ ತರಂಗಗಳಲ್ಲಿ ಜಗತ್ತಿನ ಯಾರ ಜೊತೆಗಾದರೂ ಮಾತಾಡುವ ಖುಷಿ ಅದು. ಅದರ ನಿಯಮಗಳಲ್ಲಿ ಎರಡು ನನಗೆ ತುಂಬಾ ಇಷ್ಟ. ಅದರಿಂದ ದುಡ್ಡು ಮಾಡುವಂತಿಲ್ಲ. ಗುಟ್ಟು ಮಾಡುವಂತಿಲ್ಲ. ಅಲ್ಲಿ ಆಡಿದ ಮಾತನ್ನು ಸಂಕೇತದಲ್ಲಿ ಬಚ್ಚಿಡುವ ಹಾಗಿಲ್ಲ, ಬೇಕಾದವರು ಕಿವಿಗೊಡಬಹುದು. ದಿನವಿಡೀ ಓಟಿಪಿ, ಪಾಸ್‌ವರ್ಡ್, ಎನ್‌ಡಿಎಗಳ ನಡುವೆ ಬದುಕುವ ನಮ್ಮಂಥವರಿಗೆ ಇದು ಬೇರೆ ಯಾವುದೋ ಗ್ರಹದ ಕಾನೂನಿನ ಹಾಗೆ ಕೇಳುತ್ತೆ.

ಇಂಥ ಒಂದು ರೇಡಿಯೋವನ್ನು ನಿಲ್ದಾಣದಲ್ಲಿ ಕೂರಿಸುವುದು ಮಾತ್ರ ಹುಡುಗಾಟವಲ್ಲ. ಈಗ ಕೊಲಂಬಸ್ ಕೋಣೆಯಲ್ಲಿರುವುದು ಕೆನ್‌ವುಡ್ ಡಿ710ಜಿಎ. ಕಾರಿನಲ್ಲಿ ಇಟ್ಟುಕೊಳ್ಳಲು ಮಾಡಿದ ಸೆಟ್ಟು, ಅಂಗಡಿಯಲ್ಲಿ ಸಿಗುತ್ತಿದ್ದಂಥದ್ದು. ಕಾರಿನ ಬ್ಯಾಟರಿಯ ಹದಿಮೂರು ಚಿಲ್ಲರೆ ವೋಲ್ಟು ಅದಕ್ಕೆ ಸಾಕು. ಆದರೆ ನಿಲ್ದಾಣದ ಅಮೆರಿಕನ್ ಭಾಗದಲ್ಲಿ ಹರಿಯುವುದು 120 ವೋಲ್ಟ್ ಡಿಸಿ, ರಷ್ಯನ್ ಭಾಗದಲ್ಲಿ 28 ವೋಲ್ಟ್. ಎರಡೂ ಕಡೆ ನಡೆಯುವಂಥ ಪವರ್ ಸಪ್ಲೈ ಹೊಸದಾಗಿ ಮಾಡಬೇಕು. ಗುರುತ್ವ ಕಾಣದ ಜಾಗದಲ್ಲಿ ಬಿಸಿಗಾಳಿ ಮೇಲೇರುವುದಿಲ್ಲ, ಹಾಗಾಗಿ ಯಂತ್ರ ತಾನಾಗಿಯೇ ತಣ್ಣಗಾಗುವುದಿಲ್ಲ, ಗಾಳಿಯನ್ನು ನೂಕಲೇಬೇಕು. ಬೆಂಕಿ ಹತ್ತಿಕೊಳ್ಳುವ ಪ್ಲಾಸ್ಟಿಕ್ ಇರಬಾರದು, ಬಿಸಿಯಾದಾಗ ಕೆಟ್ಟ ಅನಿಲ ಬಿಡಬಾರದು, ಕೈ ಸೋಕುವ ಕಡೆ ಸುಡಬಾರದು, ಅಂಚು ಚೂಪಾಗಿರಬಾರದು, ಪಕ್ಕದ ಉಪಕರಣಗಳಿಗೆ ಇದರ ಸದ್ದು ತಗಲಬಾರದು. ಇದೆಲ್ಲ ಮಾಡಿದ್ದು ಎಆರ್‌ಐಎಸ್‌ಎಸ್ ಎಂಬ ಸಂಘಟನೆಯ ಸ್ವಯಂಸೇವಕರು. ಹಲವು ದೇಶಗಳ ಹ್ಯಾಮ್‌ಗಳು ಸೇರಿ 1996ರಲ್ಲಿ, ನಿಲ್ದಾಣದ ಮೊದಲ ತುಂಡು ಮೇಲೆ ಹೋಗುವುದಕ್ಕೂ ಮುಂಚೆ, ಕಟ್ಟಿಕೊಂಡ ಸಂಘ ಅದು. ಈ ಒಂದು ಪೆಟ್ಟಿಗೆಗೆ ಅವರು ಸುಮಾರು ಐದು ವರ್ಷ ಹಿಡಿದರು. 2020ರ ಮಾರ್ಚ್‌ನಲ್ಲಿ ಸರಕು ನೌಕೆಯಲ್ಲಿ ಮೇಲಕ್ಕೆ ಹೋಯಿತು, ಸೆಪ್ಟೆಂಬರ್ 2ರಂದು ಚಾಲೂ ಆಯಿತು. ಐದು ತಿಂಗಳೊಳಗೇ ಆ ಕೇಬಲ್ ಪ್ರಸಂಗ.

ಐದು ವರ್ಷ, ಸಂಬಳವಿಲ್ಲದೆ. ಎರಡು ವಾರದ ಸ್ಪ್ರಿಂಟನ್ನೇ ಮುಗಿಸಲಾಗದವರು ನಾವು.

ಇದೆಲ್ಲ ಯಾಕೆ ಅಂತ ಕೇಳಿದರೆ ಅಧಿಕೃತ ಉತ್ತರಗಳು ಸಿದ್ಧವಾಗಿವೆ. ಮಕ್ಕಳಿಗೆ ವಿಜ್ಞಾನದ ಕಡೆ ಒಲವು ಹುಟ್ಟುತ್ತದೆ ಎಂಬುದು ಮೊದಲನೆಯದು. 2000ನೇ ಇಸವಿಯ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ಶಾಲೆಯಿಂದ ಶುರುವಾಗಿ, 2016ರ ಹೊತ್ತಿಗೆ ಶಾಲಾ ಮಕ್ಕಳ ಜೊತೆಗಿನ ಇಂಥ ಮಾತುಕತೆ ಸಾವಿರ ದಾಟಿತ್ತು. ನಮ್ಮ ಶುಭಾಂಶು ಶುಕ್ಲಾ ಕಳೆದ 2025ರ ಜುಲೈ 4ರಂದು ಇದೇ ರೇಡಿಯೋ ಮೂಲಕ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದರು. ಎರಡನೇ ಉತ್ತರ, ಬೇರೆಲ್ಲ ಸಂಪರ್ಕ ಕೈಕೊಟ್ಟರೆ ಆಪತ್ತಿಗೆ ಇದೊಂದಾದರೂ ಇರಲಿ ಎಂಬುದು.

ಎರಡೂ ಸುಳ್ಳಲ್ಲ. ಆದರೆ ಈ ಉತ್ತರಗಳ ವಾಸನೆ ನನಗೆ ಚೆನ್ನಾಗಿ ಗೊತ್ತು. ಬಜೆಟ್ ಮೀಟಿಂಗಿಗೆ ಮುಂಚೆ ರಾತ್ರೋರಾತ್ರಿ ತಯಾರಾಗುವ ಸ್ಲೈಡಿನ ವಾಸನೆ ಅದು. ನಮಗೆ ಮಾಡಬೇಕು ಅನ್ನಿಸಿದ್ದನ್ನು ಹಾಗೇ ಹೇಳಿದರೆ ಅನುಮತಿ ಸಿಗುವುದಿಲ್ಲ, ಅದಕ್ಕೆ ಯಾವುದೋ ಲಾಭದ ಅಂಗಿ ತೊಡಿಸಬೇಕು. ಶಾಲಾ ಸಂವಾದದಲ್ಲಿ ಪ್ರಶ್ನೆಗಳು ಮೊದಲೇ ಬರೆದಿಟ್ಟವು. ಮಕ್ಕಳು ಸಾಲಾಗಿ ಬಂದು ಒಂದೊಂದು ಕೇಳಿ, ಕೊನೆಗೆ 'ಓವರ್' ಅಂತ ಹೇಳಿ ಹೋಗುತ್ತಾರೆ. ಅವರಲ್ಲಿ ಎಷ್ಟು ಜನ ವಿಜ್ಞಾನಿಗಳಾದರು ಎಂಬ ಲೆಕ್ಕದ ಮೇಲೆ ಇದರ ನ್ಯಾಯ ನಿಲ್ಲಬೇಕಾದರೆ, ಅದೇ ದುಡ್ಡಿನ ಪ್ರಯೋಗಾಲಯ ಗೆಲ್ಲಬಹುದು. ಇನ್ನು ಆಪತ್ತಿಗೆ ನಿಲ್ದಾಣದಲ್ಲಿ ಬೇರೆ ಬೇರೆ ಸಂಪರ್ಕ ವ್ಯವಸ್ಥೆಗಳಿವೆ, ಹ್ಯಾಮ್ ಸೆಟ್ಟಿನ ಸರದಿ ಬರುವುದು ಕಟ್ಟಕಡೆಗೆ. ಹಾಗಾಗಿ ಈ ಎರಡು ಊರುಗೋಲನ್ನು ಪಕ್ಕಕ್ಕಿಟ್ಟು, ಏನೂ ಲಾಭವಿಲ್ಲ ಅಂತಲೇ ಇಟ್ಟುಕೊಂಡು ಯೋಚಿಸಬೇಕು ಅನ್ನಿಸುತ್ತೆ. ಆಗಲೂ ಅದು ಅಲ್ಲಿರಬೇಕಾ?

ಮೊದಲು ಇದು ಹೇಗೆ ಶುರುವಾಯಿತು ಅಂತ ನೋಡಿ. ಓವೆನ್ ಗ್ಯಾರಿಯಟ್ ಚಿಕ್ಕಂದಿನಿಂದಲೂ ಹ್ಯಾಮ್. 1973ರಲ್ಲಿ ಸ್ಕೈಲ್ಯಾಬ್‌ಗೆ ಹೋದಾಗ ರೇಡಿಯೋ ಒಯ್ಯುವ ಪ್ರಸ್ತಾಪ ಒಪ್ಪಿಗೆಯಾಗಲಿಲ್ಲ. ಹತ್ತು ವರ್ಷದ ಬಳಿಕ, 1983ರ ನವೆಂಬರ್ 28ರಂದು ಹೊರಟ ಕೊಲಂಬಿಯಾ ನೌಕೆಯಲ್ಲಿ ಕೈಯಲ್ಲಿ ಹಿಡಿಯುವಂಥ ಒಂದು ಸೆಟ್ಟು ಒಯ್ದರು. ಆಂಟೆನಾವನ್ನು ಕಿಟಕಿಗೆ ಆನಿಸಿ, ಕೆಲಸ ಮುಗಿದ ಮೇಲೆ ಬಿಡುವಿನ ಹೊತ್ತಿನಲ್ಲಿ ಕೂತು ಕೆಳಗಿನವರನ್ನು ಕರೆದರು. ಅಂದು ಅವರ ಜೊತೆ ಮಾತಾಡಿದವರಲ್ಲಿ ಜೋರ್ಡಾನಿನ ದೊರೆ ಹುಸೇನ್ ಇದ್ದರು, ಅವರೂ ಹ್ಯಾಮ್. ಅಮೆರಿಕದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಇದ್ದರು. ಉಳಿದ ನೂರಾರು ಜನ ಹೆಸರಿಲ್ಲದವರು, ತಮ್ಮ ಗ್ಯಾರೇಜಿನಲ್ಲೋ ಮಹಡಿ ಕೋಣೆಯಲ್ಲೋ ಕೂತಿದ್ದವರು. ದೊರೆಗೂ ಅವರಿಗೂ ಅದೇ ಸರದಿ.

ಅದಾದ ನಾಲ್ಕೈದು ತಿಂಗಳಿಗೆ ನಮ್ಮ ರಾಕೇಶ್ ಶರ್ಮಾ ಸಲ್ಯೂಟ್ 7 ನಿಲ್ದಾಣದಿಂದ ಇಂದಿರಾ ಗಾಂಧಿಯವರ ಜೊತೆ ಮಾತಾಡಿದರು. ಇಡೀ ದೇಶ ಕೇಳಿಸಿಕೊಂಡಿತು, ಹೆಮ್ಮೆಪಟ್ಟಿತು. ಆದರೆ ದೇಶ ಕೇಳಿಸಿಕೊಂಡಿತು ಅಷ್ಟೇ. ಇತ್ತಲಿಂದ 'ಊಟ ಆಯ್ತೇನಪ್ಪಾ' ಅಂತ ಕೇಳುವ ದಾರಿ ಯಾರಿಗೂ ಇರಲಿಲ್ಲ. ಎರಡಕ್ಕೂ ಇರುವ ಅಂತರ ನನಗೆ ಇಲ್ಲಿ ಮುಖ್ಯ.

ಇನ್ನೊಂದು ಕತೆ ಸೆರ್ಗೆಯ್ ಕ್ರಿಕಾಲೆವ್ ಅವರದು. 1991ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದಿಂದ ಮಿರ್ ನಿಲ್ದಾಣಕ್ಕೆ ಹೋದರು. ಅವರು ಮೇಲಿದ್ದಾಗಲೇ ಅವರ ಊರು ಲೆನಿನ್‌ಗ್ರಾಡ್ ಸೇಂಟ್ ಪೀಟರ್ಸ್‌ಬರ್ಗ್ ಆಯಿತು, ಡಿಸೆಂಬರ್ ಹೊತ್ತಿಗೆ ಕಳಿಸಿದ ದೇಶವೇ ಇಲ್ಲವಾಯಿತು. ಇಳಿದದ್ದು 1992ರ ಮಾರ್ಚ್ 25ಕ್ಕೆ, ಅದೂ ಬೇರೆಯದೇ ದೇಶವಾಗಿದ್ದ ಕಜಾಕಸ್ತಾನದ ನೆಲಕ್ಕೆ. ಮಿರ್‌ನಲ್ಲಿ 1988ರಿಂದಲೇ ಹ್ಯಾಮ್ ಸೆಟ್ಟು ಇತ್ತು. ಆ ಹತ್ತು ತಿಂಗಳಲ್ಲಿ ಕ್ರಿಕಾಲೆವ್ ಭೂಮಿಯ ಹಲವು ಕಡೆಯ ಹ್ಯಾಮ್‌ಗಳ ಜೊತೆ ಮಾತಾಡುತ್ತಿದ್ದರು. ನಿಯಂತ್ರಣ ಕೇಂದ್ರದವರು ಮಾತಾಡಿಸುತ್ತಿರಲಿಲ್ಲವೇ ಅಂದರೆ, ಮಾತಾಡಿಸುತ್ತಿದ್ದರು. ಆದರೆ ಅವರು ಮೇಲಧಿಕಾರಿಗಳು. ದೂರದೂರಲ್ಲಿ ಕೆಲಸಕ್ಕಿರುವ ಮನುಷ್ಯನಿಗೆ ದಿನಾ ಮ್ಯಾನೇಜರ್ ಫೋನ್ ಮಾಡಿದರೆ ಅದನ್ನು ಮಾತುಕತೆ ಅಂತ ಯಾರಾದರೂ ಕರೀತಾರಾ? ತನ್ನಿಂದ ಏನೂ ಆಗಬೇಕಾಗಿಲ್ಲದವನೊಬ್ಬ ಕರೆದು 'ಹೇಗಿದ್ದೀರಿ' ಅಂದಾಗ ಆಗುವುದೇ ಬೇರೆ. 2000ದ ನವೆಂಬರ್‌ನಲ್ಲಿ ಈಗಿನ ನಿಲ್ದಾಣಕ್ಕೆ ವಾಸಕ್ಕೆ ಹೋದ ಮೊದಲ ಮೂವರಲ್ಲಿ ಇದೇ ಕ್ರಿಕಾಲೆವ್ ಒಬ್ಬರು. ಹ್ಯಾಮ್ ಸೆಟ್ಟು ಅವರಿಗಿಂತ ಎರಡು ತಿಂಗಳು ಮೊದಲೇ ಮೇಲೆ ಹೋಗಿ ಕಾಯುತ್ತಿತ್ತು. ಎರಡು ವಾರದೊಳಗೆ ಅದು ಮಾತಾಡತೊಡಗಿತು.

ಮಾತಾಡಿಸುವುದು. ಕನ್ನಡದ ಈ ಕ್ರಿಯಾಪದ ಎಷ್ಟು ಒಳ್ಳೆಯದು ನೋಡಿ. ಮಾತಾಡುವುದು ಬೇರೆ, ಮಾತಾಡಿಸುವುದು ಬೇರೆ. ಹಳ್ಳಿಯಲ್ಲಿ ಬೆಳೆದವರಿಗೆ ಈ ದೂರು ಗೊತ್ತಿರುತ್ತೆ: 'ಮನೆ ಮುಂದ್ಲಿಂದ್ಲೇ ಹೋದ, ಒಂದು ಮಾತಾಡಿಸ್ಲಿಲ್ಲ ಕಣೋ.' ಸಾಲ ತೀರಿಸದವನನ್ನಾದರೂ ಕ್ಷಮಿಸಿಯಾರು, ಮಾತಾಡಿಸದೆ ಹೋದವನನ್ನು ವರ್ಷಗಟ್ಟಲೆ ನೆನಪಿಡುತ್ತಾರೆ. ಬೆಂಗಳೂರಿಗೆ ಬಂದ ಹೊಸತರಲ್ಲಿ ಲಿಫ್ಟಿನಲ್ಲಿ ಎಲ್ಲರೂ ಮೇಲಿನ ನಂಬರನ್ನೇ ದಿಟ್ಟಿಸುವುದು ನನಗೆ ವಿಚಿತ್ರವಾಗಿ ಕಾಣ್ತಿತ್ತು. ಈಗ ನಾನೂ ದಿಟ್ಟಿಸ್ತೀನಿ, ಅದು ಬೇರೆ ವಿಷಯ.

ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಒಂದೂವರೆ ಗಂಟೆಗೊಂದರಂತೆ, ದಿನಕ್ಕೆ ಹದಿನಾರು ಸುತ್ತು ಹಾಕುತ್ತದೆ. ಮನುಕುಲದ ಬಹುಪಾಲು ವಾಸಿಸುವ ನೆಲವೆಲ್ಲ ಅದರ ದಾರಿಯ ಕೆಳಗೆ ಬರುತ್ತೆ. ಹಾದುಹೋಗಲು ಅವರು ಯಾರ ಅನುಮತಿಯನ್ನೂ ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ. 1967ರ ಬಾಹ್ಯಾಕಾಶ ಒಪ್ಪಂದ ಅದನ್ನು ಎಲ್ಲರಿಗೂ ತೆರೆದ ಜಾಗ ಅನ್ನುತ್ತದೆ. ಅದೇ ಒಪ್ಪಂದದ ಐದನೇ ವಿಧಿಯಲ್ಲಿ ಒಂದು ಮಾತಿದೆ. ಗಗನಯಾತ್ರಿಗಳನ್ನು ಎಲ್ಲ ದೇಶಗಳೂ ಮನುಕುಲದ ದೂತರೆಂದು ಭಾವಿಸತಕ್ಕದ್ದು ಅಂತ. ಆ ವಿಧಿ ಇರುವುದು ಮುಖ್ಯವಾಗಿ ಅಪಘಾತವಾಗಿ ಯಾವುದೋ ದೇಶದಲ್ಲಿ ಇಳಿದರೆ ಅವರನ್ನು ಕಾಪಾಡಿ ಕಳಿಸಿಕೊಡಬೇಕು ಅನ್ನೋದಕ್ಕೆ. ಅಂದರೆ ಅವರ ಬಗ್ಗೆ ನಮ್ಮೆಲ್ಲರಿಗೂ ಕರ್ತವ್ಯ ಇದೆ. ನಮ್ಮೂರ ಗದ್ದೆಯಲ್ಲಿ ಒಬ್ಬ ಗಗನಯಾತ್ರಿ ಬಿದ್ದರೆ ಅವನಿಗೆ ನೀರು ಕೊಡುವುದು ನಮ್ಮ ಪಾಲಿನ ಕೆಲಸ. ಹಾಗಿದ್ದರೆ ಅತ್ತ ಕಡೆಯಿಂದ ಏನು? ಕಳಿಸಿದವರನ್ನು ಮಾತಾಡಿಸದ ದೂತ ಎಂಥಾ ದೂತ?

ಇಲ್ಲಿ ಒಂದು ತೊಡಕಿದೆ. ಕರ್ತವ್ಯ ಅಂದುಬಿಟ್ಟರೆ, ಗಗನಯಾತ್ರಿಗಳ ಬಿಡುವಿನ ಸಮಯದ ಮೇಲೆ ನಾವು ಹಕ್ಕು ಚಲಾಯಿಸಿದಂತಾಗುತ್ತದೆ. 'ವಾಲಂಟರಿ' ಅಂತ ಹೆಸರಿಟ್ಟು ಶನಿವಾರ ಕರೆಸಿಕೊಳ್ಳುವ ಕಾರ್ಯಕ್ರಮಗಳು ಎಷ್ಟು ಸ್ವಯಂಪ್ರೇರಿತ ಎಂಬುದು ಈ ಪುಸ್ತಕ ಓದುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆರು ತಿಂಗಳು ಡಬ್ಬಿಯೊಳಗಿರುವ ಮನುಷ್ಯ ತನ್ನ ಅರ್ಧ ಗಂಟೆಯನ್ನು ಕಿಟಕಿಯ ಬಳಿ ಸುಮ್ಮನೆ ಕಳೆಯಬೇಕೆಂದರೆ ಅವನನ್ನು ಯಾರೂ ದೂರಬಾರದು. ಕೆಲವು ಗಗನಯಾತ್ರಿಗಳು ಮೈಕು ಹಿಡಿದರೆ ಬಿಡುವುದಿಲ್ಲ, ಕೆಲವರಿಗೆ ನಿಗದಿಯಾದ ಶಾಲಾ ಸಂವಾದ ಬಿಟ್ಟರೆ ಆಸಕ್ತಿ ಇಲ್ಲ. ಎರಡೂ ಸರಿ.

ಈ ತೊಡಕು ನನಗೆ ಬಿಡಿಸಿಕೊಂಡದ್ದು ಜಗಲಿಯನ್ನು ನೆನೆಸಿಕೊಂಡಾಗ. ಹಳೇ ಮನೆಗಳಲ್ಲಿ ಬಾಗಿಲಿನ ಅಕ್ಕಪಕ್ಕ ಜಗಲಿ ಇರುತ್ತಿತ್ತು. ಅದಕ್ಕೂ ಕಲ್ಲು, ಮಣ್ಣು, ಕೂಲಿ ಎಲ್ಲ ಬೇಕು. ಮನೆಯವರಿಗೆ ಅದರಿಂದ ದೊಡ್ಡ ಉಪಯೋಗವಿಲ್ಲ, ಒಳಗೆ ಅಷ್ಟು ಜಾಗ ಸೇರಿಸಿಕೊಂಡಿದ್ದರೆ ಒಂದು ಕೋಣೆ ಆಗ್ತಿತ್ತು. ಆದರೂ ಕಟ್ಟಿಸುವವರು ಜಗಲಿ ಬಿಡುತ್ತಿದ್ದರು. ದಾರಿಹೋಕ ಕೂರಬಹುದು, ನೀರು ಕೇಳಬಹುದು, ಎಲೆಅಡಿಕೆ ಹಾಕಿ ಎದ್ದು ಹೋಗಬಹುದು. ಮನೆಯ ಯಜಮಾನ ಹೊರಗೆ ಬಂದು ಹರಟಲೇಬೇಕು ಅಂತೇನಿಲ್ಲ. ಮೈಗೆ ಹುಷಾರಿಲ್ಲದಿದ್ದರೆ, ಮನಸ್ಸು ಸರಿ ಇಲ್ಲದಿದ್ದರೆ ಒಳಗೇ ಇರಬಹುದು. ಜಗಲಿ ಇರಬೇಕಾದದ್ದು ಮನೆಯ ಮರ್ಯಾದೆ, ಅಲ್ಲಿ ಬಂದು ಕೂರುವುದು ಮನುಷ್ಯನ ಇಷ್ಟ. ನಿಲ್ದಾಣದ ರೇಡಿಯೋವನ್ನು ನಾನು ನೋಡುವುದು ಹೀಗೆ. ಅಷ್ಟು ದೊಡ್ಡ ಮನೆ ಕಟ್ಟಿದ ಸಂಸ್ಥೆಗಳಿಗೆ ಅದನ್ನು ಅಲ್ಲಿ ಇಡುವ ಹೊಣೆ ಇದೆ, ಕೆಟ್ಟರೆ ಸರಿಮಾಡುವ ಹೊಣೆಯೂ. ಮಾತಾಡುವುದು ಮಾತ್ರ ಒಬ್ಬೊಬ್ಬ ಗಗನಯಾತ್ರಿ ತಾನಾಗಿ ಕೊಡುವ ಉಡುಗೊರೆ, ಕೇಳಿ ಪಡೆಯುವಂಥದ್ದಲ್ಲ. ಹಾಪ್ಕಿನ್ಸ್ ಮತ್ತು ಗ್ಲೋವರ್ ಅವತ್ತು ಹೇಗೂ ಹೊರಗೆ ಹೋಗಬೇಕಿತ್ತು. ಹೋದವರು ಕೇಬಲ್ಲನ್ನೂ ಜೋಡಿಸಿ ಬಂದರು. ಬರೀ ಈ ಕೇಬಲ್ಲಿಗೆಂದೇ ಅವರನ್ನು ಕಳಿಸಿದ್ದರೆ? ನಾನು ಬೇಡ ಅನ್ನುತ್ತಿದ್ದೆ. ಜಗಲಿಯ ಹೆಂಚು ಸರಿಮಾಡಲು ಮನೆ ಮಗನನ್ನು ಸಿಡಿಲು ಮಳೆಯಲ್ಲಿ ಸೂರಿನ ಮೇಲೆ ಹತ್ತಿಸುವುದಿಲ್ಲ. ಆ ಒಂದೂವರೆ ತಿಂಗಳಲ್ಲಿ ಶಾಲೆಗಳ ಸಂವಾದಗಳನ್ನು ರಷ್ಯನ್ ಭಾಗದ ಇನ್ನೊಂದು ಸೆಟ್ಟಿನ ಮೂಲಕ ನಡೆಸಿದರು. ಪಕ್ಕದ ಮನೆಯ ಜಗಲಿ.

ಆದರೆ ಜಗಲಿಯ ಬಗ್ಗೆ ಹೀಗೆ ಹಾಡಿ ಹೊಗಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಎಷ್ಟೋ ಊರುಗಳಲ್ಲಿ ಜಗಲಿ ಬರೀ ಆತಿಥ್ಯದ ಜಾಗವಾಗಿರಲಿಲ್ಲ, ಗೆರೆಯೂ ಆಗಿತ್ತು. ಕೆಲವರಿಗೆ ಒಳಗೆ ಪ್ರವೇಶ, ಕೆಲವರಿಗೆ ಜಗಲಿಯವರೆಗೆ ಮಾತ್ರ, ಕೆಲವರಿಗೆ ಅಂಗಳದಾಚೆ ನಿಂತು ಕೂಗುವುದಷ್ಟೇ. ಎಲ್ಲರಿಗೂ ತೆರೆದಿದೆ ಅಂದ ಕೂಡಲೇ ಯಾರು ಎಲ್ಲರು ಅಂತ ಕೇಳುವುದನ್ನು ಇದು ಕಲಿಸುತ್ತದೆ. ಆಕಾಶದ ಜಗಲಿಗೂ ಈ ಪ್ರಶ್ನೆ ಕೇಳಬೇಕು.

ರೇಡಿಯೋ ಜಾತಿ ಕೇಳುವುದಿಲ್ಲ, ನಿಜ. ಆದರೆ ಶಕ್ತಿ ಕೇಳುತ್ತೆ. ನಿಲ್ದಾಣದ ರೇಡಿಯೋವನ್ನು ಹೆಚ್ಚು ಹೊತ್ತು ರಿಪೀಟರ್ ಆಗಿ ಬಿಟ್ಟಿರುತ್ತಾರೆ. ಮನುಷ್ಯರು ಯಾರೂ ಮೈಕಿನ ಮುಂದೆ ಇಲ್ಲದಿದ್ದರೂ, ಕೆಳಗಿನಿಂದ 145.990 ಮೆಗಾಹರ್ಟ್ಸ್‌ನಲ್ಲಿ ಆಡಿದ್ದನ್ನು ಅದು 437.800ರಲ್ಲಿ ಕೆಳಗಿನವರಿಗೇ ಮರಳಿಸುತ್ತದೆ. ನಿಲ್ದಾಣ ನಮ್ಮ ನೆತ್ತಿಯ ಮೇಲಿದ್ದಾಗ ಬೆಂಗಳೂರಿನವರ ಮಾತು ದೆಹಲಿಗೂ ಕೊಲಂಬೊಗೂ ಒಟ್ಟಿಗೇ ಕೇಳುತ್ತೆ. ಎಲ್ಲರೂ ಹಂಚಿಕೊಳ್ಳಬೇಕಾದ್ದು ಒಂದೇ ದಾರಿ. ಎಫ್‌ಎಂನಲ್ಲಿ ಇಬ್ಬರು ಒಮ್ಮೆಗೇ ಮಾತಾಡಿದರೆ ಜೋರಾದ ಸಿಗ್ನಲ್ ಮಾತ್ರ ಉಳಿಯುತ್ತದೆ. ಕ್ಷೀಣವಾದದ್ದು ಗದ್ದಲವಾಗಿಯೂ ಕೇಳುವುದಿಲ್ಲ, ಇಲ್ಲವೇ ಇಲ್ಲ ಅನ್ನುವಂತೆ ಅಳಿಸಿಹೋಗುತ್ತದೆ. ಎಂಜಿನಿಯರುಗಳು ಇದನ್ನು ಕ್ಯಾಪ್ಚರ್ ಎಫೆಕ್ಟ್ ಅಂತಾರೆ. ಸಮಾಜಶಾಸ್ತ್ರದ ಪುಸ್ತಕದಲ್ಲಿ ಇರಬೇಕಾದ ಪದ ಅಂತ ನನಗೆ ಯಾವಾಗಲೂ ಅನ್ನಿಸಿದೆ.

ಲೈಸೆನ್ಸ್ ಇರುವ ಸಹೋದ್ಯೋಗಿಯೊಬ್ಬನ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಇದನ್ನು ಕಣ್ಣಾರೆ, ಅಂದರೆ ಕಿವಿಯಾರೆ ಕಂಡಿದ್ದೇನೆ. ಪಿವಿಸಿ ಪೈಪಿಗೆ ಟೇಪಿನ ತುಂಡುಗಳನ್ನು ಬಿಗಿದ ಆಂಟೆನಾ, ಹೌದು, ಬಡಗಿಗಳು ಅಳತೆಗೆ ಇಟ್ಟುಕೊಳ್ಳುವ ಸ್ಟೀಲ್ ಟೇಪೇ. ಐದು ವ್ಯಾಟಿನ ಕೈ ಸೆಟ್ಟು. ನಿಲ್ದಾಣ ದಿಗಂತದಿಂದ ಏರತೊಡಗಿದಾಗ ಆಂಟೆನಾವನ್ನು ಅದರ ಜೊತೆಗೇ ತಿರುಗಿಸುತ್ತಾ, ರೈಲಿನ ಸೀಟಿಯ ಹಾಗೆ ಜಾರುವ ತರಂಗದ ಹಿಂದೆ ಡಯಲ್ ತಿರುಗಿಸುತ್ತಾ ಅವನು ತನ್ನ ಕಾಲ್‌ಸೈನ್ ಹೇಳಿದ. ಮತ್ತೆ ಹೇಳಿದ. ಮರಳಿ ಬಂದದ್ದು ಇನ್ಯಾರದೋ ಗಡಸು ಧ್ವನಿ, ಮೇಲಿಂದ ಮೇಲೆ ಅದೇ. ದೊಡ್ಡ ಆಂಟೆನಾ, ಹತ್ತಾರು ಪಟ್ಟು ಪವರ್ ಇರುವವರು. ಒಮ್ಮೆ ಮಾತಾಡಿದವರು ಪಕ್ಕಕ್ಕೆ ಸರಿದು ಕೈ ಸೆಟ್ಟಿನವರಿಗೆ ದಾರಿ ಬಿಡಬೇಕು ಎಂಬ ಶಿಷ್ಟಾಚಾರ ಹ್ಯಾಮ್‌ಗಳಲ್ಲಿದೆ, ಬರೆದಿಟ್ಟಿದ್ದಾರೆ ಕೂಡ. ಪಾಲಿಸದವರನ್ನು 400 ಕಿಲೋಮೀಟರ್ ಮೇಲಿನ ಪೆಟ್ಟಿಗೆ ಏನು ಮಾಡೀತು?

'ಬೇಜಾರಾಗಲ್ವಾ?' ಅಂತ ಕೇಳಿದೆ.

'ಕೇಳ್ಸಿಕೊಳ್ಳೋದನ್ನ ಯಾರೂ ತಡೆಯಕ್ಕಾಗಲ್ವಲ್ಲ ಗುರು' ಅಂದ. 'ಅದಕ್ಕೆ ಪವರ್ರೇ ಬೇಡ.'

ಇದು ಅರ್ಧ ಸಮಾಧಾನ ಮಾತ್ರ ಅಂತ ನನಗೆ ಗೊತ್ತು. ಕೇಳಿಸಿಕೊಳ್ಳುವುದಷ್ಟೇ ಪಾಲಿಗೆ ಬಂದವರ ಕಷ್ಟ ಏನೆಂದು ನಮ್ಮ ದೇಶದಲ್ಲಿ ಯಾರನ್ನಾದರೂ ಕೇಳಬಹುದು. ಶಾಲಾ ಸಂವಾದಗಳಿಗೂ ಇದೇ ಮಾತು. ಅರ್ಜಿ ಹಾಕಬೇಕು, ಪಾಠಗಳ ಯೋಜನೆ ಬರೆದುಕೊಡಬೇಕು, ಹ್ಯಾಮ್‌ಗಳ ನೆರವು ಬೇಕು. ಇದೆಲ್ಲ ಗೊತ್ತಿರುವ ಮೇಷ್ಟ್ರು ಇರುವ ಶಾಲೆಗೆ ದಾರಿ ಸಲೀಸು. ಆದರೆ ಜಗಲಿಯ ಮೇಲೆ ಬಲಿಷ್ಠರು ಕಾಲು ಚಾಚಿ ಕೂತಿದ್ದಾರೆ ಅಂದರೆ ಮಾಡಬೇಕಾದ್ದು ಅವರ ಕಾಲು ಮಡಿಸುವ ಕೆಲಸ, ಜಗಲಿ ಒಡೆಯುವ ಕೆಲಸವಲ್ಲ. ಒಡೆದರೆ ಕೈ ಸೆಟ್ಟಿನವನಿಗೆ ಇದ್ದ ಸಣ್ಣ ಅವಕಾಶವೂ ಹೋಯಿತು. ಅಂದಹಾಗೆ ಅದೇ ತಾರಸಿಯಿಂದ, ಐದನೆಯದೋ ಆರನೆಯದೋ ಸಲ, ಅವನ ಕಾಲ್‌ಸೈನಿನ ಅರ್ಧ ಹಾದುಹೋಯಿತು. ಯಾರೋ ಆ ಅರ್ಧವನ್ನು ಹಿಡಿದು 'ಇನ್ನೊಮ್ಮೆ ಹೇಳಿ' ಅಂದರು. ಅವರಿಗೂ ಇವನಿಗೂ ಪರಿಚಯ ಇಲ್ಲ. ಆ ಹೊತ್ತಿಗೆ ನಿಲ್ದಾಣ ಬಂಗಾಳ ಕೊಲ್ಲಿ ದಾಟುತ್ತಿತ್ತು.

ಆ ಸ್ವಯಂಸೇವಕರ ಬಗ್ಗೆಯೂ ಒಂದು ಅನುಮಾನ ಕಾಡುತ್ತೆ. ಐದು ವರ್ಷ ಬಿಟ್ಟಿ ದುಡಿದು ಸರ್ಕಾರಿ ಸಂಸ್ಥೆಗಳಿಗೆ ಒಳ್ಳೇ ಹೆಸರು ತಂದುಕೊಟ್ಟರಲ್ಲ, ಇದು ಶೋಷಣೆ ಅಲ್ವಾ? ಓಪನ್ ಸೋರ್ಸ್ ಬಗ್ಗೆಯೂ ನಾವು ಇದೇ ಜಗಳ ಆಡ್ತೀವಿ. ನನಗೆ ಅನ್ನಿಸುವುದು, ಬಿಟ್ಟಿಗೂ ಮುಯ್ಯಾಳಿಗೂ ವ್ಯತ್ಯಾಸ ಇದೆ. ಮುಯ್ಯಾಳು ಅಂದರೆ ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ದುಡ್ಡು ಓಡಾಡಲ್ಲ, ಆದರೆ ಲೆಕ್ಕ ಇರುತ್ತೆ. ಇವರು ಪೆಟ್ಟಿಗೆ ಮಾಡಿಕೊಟ್ಟರು, ಅವರು ಜಾಗ ಕೊಟ್ಟರು, ಮೇಲಕ್ಕೆ ಒಯ್ದರು, ಕೆಟ್ಟಾಗ ಕೇಬಲ್ ಜೋಡಿಸಿದರು. ಲೆಕ್ಕ ಸಮ ಅಂತ ಹೇಳಲಾರೆ, ಆದರೆ ಲೆಕ್ಕ ಇದೆ. ಯಾವ ದಿನ ಸಂಸ್ಥೆಯವರು 'ಪೆಟ್ಟಿಗೆ ಇಡೋಕೆ ಬಾಡಿಗೆ ಕೊಡಿ' ಅಂತಾರೋ ಅವತ್ತು ಅದು ಮುರಿಯುತ್ತೆ.

ಆ ದಿನ ತೀರಾ ದೂರ ಇಲ್ಲದಿರಬಹುದು. ಈಗಿನ ನಿಲ್ದಾಣವನ್ನು 2030ರ ನಂತರ ಸಾಗರಕ್ಕೆ ಇಳಿಸುವ ಯೋಜನೆ ಇದೆ. ಅದನ್ನು ಎಳೆದು ತರುವ ನೌಕೆ ಮಾಡಲು 2024ರಲ್ಲಿ ಸ್ಪೇಸ್‌ಎಕ್ಸ್‌ಗೆ ಗುತ್ತಿಗೆಯೂ ಆಯಿತು. ಮುಂದೆ ಬರಲಿರುವವು ಕಂಪನಿಗಳು ಕಟ್ಟುವ ನಿಲ್ದಾಣಗಳು. ಅಲ್ಲಿ ಪ್ರತಿ ಕಿಲೋಗೂ ಪ್ರತಿ ನಿಮಿಷಕ್ಕೂ ಗಿರಾಕಿ ಇರುತ್ತಾರೆ. ಕಂಪನಿಗಳು ಕೆಟ್ಟವು ಅಂತಲ್ಲ, ನಾನು ಉಣ್ಣುವ ಅನ್ನವೂ ಒಂದು ಕಂಪನಿಯದೇ. ಶುಕ್ಲಾ ಅವರು ಹೋದ ಯಾತ್ರೆಯನ್ನು ನಡೆಸಿದ್ದು ಕೂಡ ಖಾಸಗಿ ಕಂಪನಿ. ನಮ್ಮ ಸರ್ಕಾರ ಅದಕ್ಕೆ ಐನೂರು ಕೋಟಿಗೂ ಹೆಚ್ಚು ಕೊಟ್ಟಿತ್ತು, ನಿಮಿಷ ನಿಮಿಷಕ್ಕೂ ಪ್ರಯೋಗಗಳಿದ್ದವು. ಆದರೂ ಅವರು ಬಿಡುವು ಮಾಡಿಕೊಂಡು ಬೆಂಗಳೂರನ್ನು ಮಾತಾಡಿಸಿದರು. ಸೆಟ್ಟು ಅಲ್ಲಿತ್ತು, ಅದಕ್ಕೆ ಮಾತಾಡಿಸಿದರು. ಹೊಸ ಮನೆಯಲ್ಲಿ ಸೆಟ್ಟೇ ಇಲ್ಲದಿದ್ದರೆ ಅಷ್ಟೇ ಒಳ್ಳೆಯ ಮನುಷ್ಯನೂ ಬಾಯಿ ಮುಚ್ಚಿಕೊಂಡೇ ನಮ್ಮ ತಲೆಯ ಮೇಲೆ ಹಾದುಹೋಗಬೇಕಾಗುತ್ತೆ.

ನಮ್ಮ ಅಪಾರ್ಟ್‌ಮೆಂಟುಗಳ ನಕ್ಷೆ ನೋಡಿ. ಈಜುಕೊಳ, ಜಿಮ್ಮು, ಕ್ಲಬ್‌ಹೌಸ್ ಎಲ್ಲ ಇರುತ್ತೆ. ಹೊರಗಿನವರು ಬಂದು ಕೂರುವ ಜಾಗ ಒಂದೂ ಇರಲ್ಲ, ಬಿಸಿಲಲ್ಲಿ ನಿಂತು ಆ್ಯಪ್‌ನಲ್ಲಿ ಅಪ್ರೂವಲ್ ಕಾಯುವ ಡೆಲಿವರಿ ಹುಡುಗನಿಗೆ ಒಂದು ಕಲ್ಲುಬೆಂಚೂ ಇಲ್ಲ. ಜಗಲಿ ಬೇಡ ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ. ಚದರಡಿ ಲೆಕ್ಕ ಹಾಕುವಾಗ ಬೇಕು ಅನ್ನುವವರು ಆ ಮೀಟಿಂಗಿನಲ್ಲಿ ಇರಲಿಲ್ಲ ಅಷ್ಟೇ. ಆದರೆ 1996ರ ಸಭೆಯಲ್ಲಿ ಇದ್ದರು. ನಿಲ್ದಾಣ ಇನ್ನೂ ಕಾಗದದ ಮೇಲಿದ್ದಾಗಲೇ ಕೆಲವರು ಹೋಗಿ ಕೂತು, ಆಂಟೆನಾಗೆ ಇಷ್ಟು ಜಾಗ ಬಿಡಿ, ಗೋಡೆಯಿಂದ ಒಂದು ಕೇಬಲ್ ಹಾಯಲು ದಾರಿ ಬಿಡಿ ಅಂತ ಕೇಳಿದರು. ಕೊಲಂಬಸ್ ಕೋಣೆಯ ಹೊರಮೈ ಮೇಲಿನ ಮೊದಲ ಹ್ಯಾಮ್ ಆಂಟೆನಾಗಳು 2008ರಲ್ಲಿ ಕೋಣೆ ಮೇಲೆ ಹೋಗುವ ಮೊದಲೇ ನೆಲದ ಮೇಲೆ ಅಂಟಿಸಿದವು. ಆಮೇಲೆ ಸೇರಿಸ್ತೀವಿ ಅಂದಿದ್ದರೆ ಅದು ಎಂದೂ ಆಗ್ತಿರಲಿಲ್ಲ, ಬ್ಯಾಕ್‌ಲಾಗ್ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ನಿಲ್ದಾಣಗಳ ರಿಕ್ವೈರ್‌ಮೆಂಟ್ ಈಗ ಬರೆಯುತ್ತಿದ್ದಾರೆ. ನಮ್ಮ ಇಸ್ರೋ ಕೂಡ 2035ರ ಹೊತ್ತಿಗೆ ಭಾರತೀಯ ಅಂತರಿಕ್ಷ ನಿಲ್ದಾಣ ಕಟ್ಟುವ ಗುರಿ ಇಟ್ಟುಕೊಂಡಿದೆ. ಅದರ ಹೊರಗೋಡೆಯ ನಕ್ಷೆಯಲ್ಲಿ ಒಂದು ಮೊಳದುದ್ದದ ಆಂಟೆನಾಗೆ ಜಾಗ ಬಿಟ್ಟಿದ್ದೀರಾ ಅಂತ ಅಲ್ಲಿ ಕೆಲಸ ಮಾಡುವ ಗೆಳೆಯನೊಬ್ಬನನ್ನು ಕೇಳಿದೆ. 'ಅದು ಯಾವ ಟೀಮಿಗೆ ಬರುತ್ತೋ ಗೊತ್ತಿಲ್ಲ, ವಿಚಾರಿಸ್ತೀನಿ' ಅಂದಿದ್ದಾನೆ.